ಕಾಲಿಗೆ ಬುದ್ಧಿ ಹೇಳುವವರು: ಪ್ರಾಣಿಗಳ ಓಟ, ಮನುಷ್ಯನ ಓಟ – ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಪ್ರಾಣಿ ಎಷ್ಟು ವೇಗವಾಗಿ ಓಡುತ್ತದೆ ಎಂಬ ಪಟ್ಟಿಗಳಿಗೆ ಬರವಿಲ್ಲ. ಆದರೆ ಅವು ನೂರು ಮೀಟರಿನ ಓಟವನ್ನೂ ನೂರು ಕಿಲೋಮೀಟರಿನ ಓಟವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿಬಿಡುತ್ತವೆ. ಹಾಗಾಗಿ ಇಲ್ಲಿ ಅಂಕಿ ಬಂದಾಗಲೆಲ್ಲ ಅದು ಎಷ್ಟು ದೂರದ್ದು, ಯಾರು ಹೇಗೆ ಅಳೆದದ್ದು ಎಂಬುದನ್ನೂ ಆದಷ್ಟು ಹೇಳಿದ್ದೇನೆ.

ಚೀತಾ ಗಂಟೆಗೆ 120 ಕಿ.ಮೀ. ಓಡುತ್ತದೆ ಎನ್ನುತ್ತಾರೆ. ನಿಜವೇ?

ಆ ಅಂಕಿಯನ್ನು ನಾನೂ ಶಾಲೆಯಲ್ಲಿ ಬಾಯಿಪಾಠ ಮಾಡಿದವನೇ. ಸರಿಯಾಗಿ ಅಳೆದ ಓಟಗಳಲ್ಲಿ ಅದು ಕಾಣಿಸುವುದಿಲ್ಲ. 1965ರಲ್ಲಿ ಕೀನ್ಯಾದಲ್ಲಿ ಸಾಕಿದ ಚೀತಾ ಒಂದನ್ನು ಸುಮಾರು 200 ಮೀಟರ್ ಓಡಿಸಿ ಅಳೆದಾಗ ಸಿಕ್ಕಿದ್ದು ಗಂಟೆಗೆ 104 ಕಿ.ಮೀ. 2012ರಲ್ಲಿ ಅಮೆರಿಕದ ಸಿನ್ಸಿನಾಟಿ ಮೃಗಾಲಯದ ಸಾರಾ ಎಂಬ ಹನ್ನೊಂದು ವರ್ಷದ ಹೆಣ್ಣು ಚೀತಾ 100 ಮೀಟರನ್ನು 5.95 ಸೆಕೆಂಡಿನಲ್ಲಿ ಮುಗಿಸಿತು. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 98 ಕಿ.ಮೀ.

ಇವೆರಡೂ ಸಾಕಿದ ಪ್ರಾಣಿಗಳು. ಮುಂದೆ ಎಳೆದೊಯ್ಯುವ ಆಮಿಷದ ಹಿಂದೆ ನೇರ ದಾರಿಯಲ್ಲಿ ಓಡಿದಂಥವು. ಕಾಡಿನ ಲೆಕ್ಕ ಬೇರೆ. ಬೋಟ್ಸ್‌ವಾನಾದಲ್ಲಿ ಕಾಡು ಚೀತಾಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ 367 ಓಟಗಳನ್ನು ದಾಖಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅತಿ ಹೆಚ್ಚಿನ ವೇಗ ಗಂಟೆಗೆ 93 ಕಿ.ಮೀ. ಬಹುಪಾಲು ಬೇಟೆಗಳು ಅದರ ಅರ್ಧದಷ್ಟು ವೇಗದಲ್ಲೇ ಮುಗಿದುಹೋಗಿದ್ದವು. ಬೇಟೆಗೆ ಬೇಕಾದದ್ದು ಹೆದ್ದಾರಿಯ ವೇಗವಲ್ಲ, ಥಟ್ಟನೆ ನಿಂತು ತಿರುಗುವ ಚುರುಕು. ಒಂದೇ ನೆಗೆತದಲ್ಲಿ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ಏರಿಸಿಕೊಳ್ಳುವ, 4 ಮೀಟರಿನಷ್ಟು ಇಳಿಸಿಕೊಳ್ಳುವ ಶಕ್ತಿ ಅವುಗಳಿಗಿದೆ. ಜಿಂಕೆ ಪಕ್ಕಕ್ಕೆ ಹೊರಳಿದಾಗ ಬೇಟೆಗಾರ ನೆಟ್ಟಗೆ ಮುಂದೆ ಹೋಗಿಬಿಟ್ಟರೆ ಆ ದಿನ ಉಪವಾಸವೇ.

ಚೀತಾ ಎಂದರೆ ಚಿರತೆಯೇ ಅಲ್ಲವೇ?

ಅಲ್ಲ. ಕನ್ನಡದಲ್ಲಿ ಈ ಗೊಂದಲ ಹಳೆಯದು, ಪತ್ರಿಕೆಗಳಲ್ಲೂ ಇಣುಕುತ್ತದೆ. ಚೀತಾಕ್ಕೆ ಕನ್ನಡದಲ್ಲಿ ಸಿವಂಗಿ ಎಂಬ ಚೆಂದದ ಹೆಸರೇ ಇದೆ, ಬಳಸುವವರು ಕಡಿಮೆ. ಚಿರತೆ ಮರ ಹತ್ತುವ, ಹೊಂಚು ಹಾಕುವ ಗಟ್ಟಿಮುಟ್ಟು ಪ್ರಾಣಿ. ಚೀತಾ ಸಣ್ಣ ತಲೆ, ಉದ್ದ ಕಾಲು, ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ ಇರುವ ಓಟಗಾರ. ಓಟದ ಪಂದ್ಯದಲ್ಲಿ ಚಿರತೆಗೆ ಯಾವ ಅವಕಾಶವೂ ಇಲ್ಲ.

ಉಸೇನ್ ಬೋಲ್ಟ್ ಪಕ್ಕದಲ್ಲಿ ಚೀತಾ ಓಡಿದರೆ?

ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಅದೇ ಓಟದ ಬಿಡಿ ಲೆಕ್ಕವನ್ನು ಸಾರಾಳ ಓಟದ ಪಕ್ಕದಲ್ಲಿ ಇಟ್ಟು ನೋಡಿ: ಸಾರಾ ಗೆರೆ ಮುಟ್ಟುವ ಹೊತ್ತಿಗೆ ಬೋಲ್ಟ್ ಇನ್ನೂ 56ನೆಯ ಮೀಟರಿನ ಆಸುಪಾಸಿನಲ್ಲಿರುತ್ತಾರೆ. ಅವರ ಅತಿ ವೇಗದ ತುಣುಕು 60ರಿಂದ 80 ಮೀಟರಿನ ನಡುವೆ ಬಂತು. ಆ 20 ಮೀಟರಿಗೆ 1.61 ಸೆಕೆಂಡು, ಅಂದರೆ ಗಂಟೆಗೆ ಸುಮಾರು 44.7 ಕಿ.ಮೀ. ಕೊನೆಯ 20 ಮೀಟರಿಗೆ 1.66 ಸೆಕೆಂಡು ಹಿಡಿಯಿತು. ಮನುಷ್ಯರಲ್ಲೇ ಅತಿ ವೇಗದವನೂ ನೂರು ಮೀಟರ್ ಮುಗಿಯುವ ಮುನ್ನವೇ ನಿಧಾನವಾಗತೊಡಗುತ್ತಾನೆ. ತಾಳಿಕೆಯ ಕಥೆ ಅಲ್ಲಿಂದಲೇ ಆರಂಭ.

ಎರಡು ಕಾಲು ಇರುವುದರಿಂದಲೇ ನಾವು ನಿಧಾನವೇ?

ಅದೊಂದೇ ಕಾರಣವಾಗಿದ್ದರೆ ಗಂಟೆಗೆ 70 ಕಿ.ಮೀ. ಓಡುವ ಉಷ್ಟ್ರಪಕ್ಷಿಗೆ ಏನೆನ್ನಬೇಕು? ಅದಕ್ಕೂ ಇರುವುದು ಎರಡೇ ಕಾಲು, ಒಂದೊಂದಕ್ಕೆ ಎರಡೇ ಬೆರಳು. ವ್ಯತ್ಯಾಸ ಕಾಲಿನ ರಚನೆಯಲ್ಲಿದೆ. ಉಷ್ಟ್ರಪಕ್ಷಿಯ ಮಾಂಸಖಂಡವೆಲ್ಲ ತೊಡೆಯ ಮೇಲ್ಭಾಗದಲ್ಲಿದೆ. ಕೆಳಗೆ ಉದ್ದನೆಯ ಮೂಳೆ ಮತ್ತು ಸ್ಪ್ರಿಂಗಿನಂಥ ಸ್ನಾಯುರಜ್ಜು ಮಾತ್ರ. ತುದಿ ಹಗುರವಾದಷ್ಟೂ ಕಾಲನ್ನು ಬೀಸುವುದು ಸುಲಭ. ಕುದುರೆ, ಜಿಂಕೆಗಳಲ್ಲೂ ಇದೇ ಉಪಾಯ.

ಚೀತಾದ ಗುಟ್ಟು ಬೆನ್ನಿನಲ್ಲಿದೆ. ಸಾರಾಳ ಓಟದ ನಿಧಾನಗತಿಯ ಚಿತ್ರೀಕರಣವನ್ನು ಒಮ್ಮೆ ನೋಡಿ. ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಕಿವಿಯ ಹತ್ತಿರ ಬಂದು ಊರುತ್ತವೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಮರುಕ್ಷಣ ನೆಟ್ಟಗಾಗಿ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಇಷ್ಟೆಲ್ಲ ನಡೆಯುವಾಗ ತಲೆ ಮಾತ್ರ ದಾರ ಕಟ್ಟಿ ತೂಗುಹಾಕಿದಂತೆ ಒಂದೇ ಮಟ್ಟದಲ್ಲಿ ತೇಲುತ್ತದೆ. ಹಾಗೆ ಒಂದು ನೆಗೆತಕ್ಕೆ ಆರೇಳು ಮೀಟರ್. ಬೋಲ್ಟ್ ಬರ್ಲಿನ್‌ನಲ್ಲಿ ಸುಮಾರು 41 ಹೆಜ್ಜೆ ಇಟ್ಟರು. ಹೆಜ್ಜೆಗೆ ಎರಡೂವರೆ ಮೀಟರಿಗಿಂತ ತುಸು ಕಡಿಮೆ.

ಚೀತಾ ಬೇಗ ನಿಂತುಬಿಡುವುದು ಮೈ ಕಾದು ಹೋಗುವುದರಿಂದಲೇ?

ದಶಕಗಳ ಕಾಲ ಎಲ್ಲರೂ ಹಾಗೆಯೇ ಬರೆದರು. 1973ರಲ್ಲಿ ಟ್ರೆಡ್‌ಮಿಲ್ ಮೇಲೆ ಚೀತಾಗಳನ್ನು ಓಡಿಸಿದಾಗ ಮೈಯ ಉಷ್ಣತೆ 40.5 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಅವು ಓಡಲು ಒಪ್ಪಲಿಲ್ಲ. ಅಲ್ಲಿಂದ ಹುಟ್ಟಿದ ಮಾತು ಇದು. ನಮೀಬಿಯಾದಲ್ಲಿ ಚೀತಾಗಳ ದೇಹದೊಳಗೆ ಸಂವೇದಕ ಇಟ್ಟು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ತೋರಿಸಿತು. ಅಟ್ಟಿಸಿಕೊಂಡು ಹೋಗುವಾಗ ಉಷ್ಣತೆ ಅಷ್ಟೇನೂ ಏರಿರಲಿಲ್ಲ. ಏರಿದ್ದು ಬೇಟೆ ಮುಗಿದ ಮೇಲೆ, ಅದೂ ಬೇಟೆ ಸಿಕ್ಕಾಗ ಹೆಚ್ಚಾಗಿ. ಸಿಂಹವೋ ಕತ್ತೆಕಿರುಬವೋ ಬಂದು ಕಿತ್ತುಕೊಂಡೀತು ಎಂಬ ಆತಂಕವೇ ಕಾರಣವಿರಬೇಕು ಎಂದು ಸಂಶೋಧಕರು ಊಹಿಸಿದ್ದಾರೆ. ಆ ಊಹೆ ನನಗೆ ಒಪ್ಪಿಗೆ.

ನಿಲ್ಲುವುದಕ್ಕೆ ಸರಳ ಕಾರಣವೆಂದರೆ ಇಂಧನ. ಅಂಥ ವೇಗಕ್ಕೆ ದುಡಿಯುವ ಸ್ನಾಯು ಎಳೆಗಳು ಆಮ್ಲಜನಕಕ್ಕಾಗಿ ಕಾಯುವುದಿಲ್ಲ. ಕೈಯಲ್ಲಿರುವ ದಾಸ್ತಾನನ್ನು ಸುಟ್ಟು ಮುಗಿಸುತ್ತವೆ. 400 ಮೀಟರ್ ಓಟದ ಕೊನೆಯ ತಿರುವಿನಲ್ಲಿ ಕಾಲು ಮರಗಟ್ಟಿದ ಅನುಭವ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಪ್ರಾಣಿಗೆ ಉದ್ದ ಕಾಲು, ಹೆಚ್ಚು ಸ್ನಾಯು. ಹಾಗಾದರೆ ಆನೆ ಎಲ್ಲರಿಗಿಂತ ಮುಂದಿರಬೇಕಲ್ಲ?

ಒಂದು ಮಟ್ಟದವರೆಗೆ ಮಾತ್ರ ಈ ತರ್ಕ ನಡೆಯುತ್ತದೆ. ಇಲಿಗಿಂತ ಮೊಲ, ಮೊಲಕ್ಕಿಂತ ಚೀತಾ ವೇಗ. ಅಲ್ಲಿಂದ ಮುಂದೆ ಗೆರೆ ಇಳಿಯುತ್ತದೆ. ನೂರಾರು ಪ್ರಾಣಿಗಳ ಅಂಕಿಗಳನ್ನು ಜೋಡಿಸಿದ 2017ರ ಅಧ್ಯಯನ ಕೊಟ್ಟ ವಿವರಣೆ ಇದು: ಭಾರೀ ಮೈಯನ್ನು ಪೂರ್ತಿ ವೇಗಕ್ಕೆ ಏರಿಸಲು ಹೆಚ್ಚು ಹೊತ್ತು ಬೇಕು, ಅಷ್ಟರೊಳಗೆ ದಿಢೀರ್ ಬಳಕೆಯ ಇಂಧನ ಖಾಲಿಯಾಗಿರುತ್ತದೆ.

ಥಾಯ್ಲೆಂಡಿನಲ್ಲಿ ಏಷ್ಯಾದ ಆನೆಗಳನ್ನು ಓಡಿಸಿ ಅಳೆದಾಗ ಸಿಕ್ಕ ಗರಿಷ್ಠ ವೇಗ ಗಂಟೆಗೆ ಸುಮಾರು 25 ಕಿ.ಮೀ. ಆಗಲೂ ಅವುಗಳ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟಿರಲಿಲ್ಲ. ಅದನ್ನು ಓಟವೆನ್ನಬೇಕೇ, ಬಿರುನಡಿಗೆಯೆನ್ನಬೇಕೇ ಎಂಬ ಚರ್ಚೆ ಪಂಡಿತರಿಗಿರಲಿ. ಆನೆ ಅಟ್ಟಿಸಿಕೊಂಡು ಬಂದರೆ ಸಾಮಾನ್ಯ ಮನುಷ್ಯ ಅದನ್ನು ಮೀರಿಸಿ ಓಡಲಾರ ಎಂಬುದು ಮುಖ್ಯ.

ಬೆಕ್ಕು?

ಸಣ್ಣ ದೂರಕ್ಕೆ ಗಂಟೆಗೆ 45ರಿಂದ 48 ಕಿ.ಮೀ. ಸೋಫಾದ ಮೇಲೆ ಮಲಗಿರುವ ಆ ಪ್ರಾಣಿಗೆ ಬೋಲ್ಟ್ ಕೂಡ ಸಾಟಿಯಲ್ಲ.

ವೇಗ ಮತ್ತು ತಾಳಿಕೆ ಎರಡೂ ಇರುವ ಪ್ರಾಣಿ ಇದೆಯೇ?

ಇದೆ, ಮತ್ತು ನನ್ನ ಮಟ್ಟಿಗೆ ಓಟದ ನಿಜವಾದ ರಾಜ ಅದೇ. ಉತ್ತರ ಅಮೆರಿಕದ ಹುಲ್ಲುಗಾವಲಿನ ಪ್ರಾಂಗ್‌ಹಾರ್ನ್, ನೋಡಲು ಜಿಂಕೆಯಂತಿರುವ ಪ್ರಾಣಿ. ಗರಿಷ್ಠ ವೇಗ ಗಂಟೆಗೆ 85 ಕಿ.ಮೀ.ಗೂ ಮೇಲೆ ಎನ್ನುತ್ತಾರೆ. ಅದಕ್ಕಿಂತ ಬೆರಗಿನ ವಿಷಯವೆಂದರೆ ಗಂಟೆಗೆ 65 ಕಿ.ಮೀ. ವೇಗವನ್ನು ಅದು ಹತ್ತು ನಿಮಿಷ ಉಳಿಸಿಕೊಳ್ಳಬಲ್ಲದು ಎಂಬ ಅಂದಾಜು. 1991ರಲ್ಲಿ ಇವನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಪರೀಕ್ಷಿಸಿದಾಗ, ಆ ಗಾತ್ರದ ಪ್ರಾಣಿ ಬಳಸಬೇಕಾದದ್ದಕ್ಕಿಂತ ಮೂರು ಪಟ್ಟು ಆಮ್ಲಜನಕವನ್ನು ಬಳಸುವುದು ಕಂಡಿತು. ವಿಶೇಷ ಯಂತ್ರವೇನೂ ಇಲ್ಲ. ದೊಡ್ಡ ಶ್ವಾಸಕೋಶ, ದೊಡ್ಡ ಹೃದಯ, ಹೆಚ್ಚು ಹಿಮೋಗ್ಲೋಬಿನ್, ಸ್ನಾಯುವಿನಲ್ಲಿ ದಟ್ಟವಾಗಿ ತುಂಬಿದ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ, ಹೀಗೆ ಇದ್ದದ್ದೆಲ್ಲ ಸ್ವಲ್ಪ ಸ್ವಲ್ಪ ಹೆಚ್ಚು.

ಇಂದು ಅದನ್ನು ಹಿಡಿಯಬಲ್ಲ ಬೇಟೆಗಾರ ಅಲ್ಲಿಲ್ಲ. ಹಾಗಾದರೆ ಅಷ್ಟು ವೇಗ ಯಾರಿಗಾಗಿ? ಹಿಮಯುಗದ ಕೊನೆಯಲ್ಲಿ ಅಳಿದುಹೋದ ಅಮೆರಿಕದ ಚೀತಾದಂಥ ಬೆಕ್ಕಿಗಾಗಿ ಎಂಬ ವಾದವಿದೆ. ಸತ್ತುಹೋದ ಶತ್ರುವಿನಿಂದ ಇನ್ನೂ ತಪ್ಪಿಸಿಕೊಳ್ಳುತ್ತಿರುವ ಪ್ರಾಣಿ!

ಮನುಷ್ಯ ಕುದುರೆಯನ್ನು ಸೋಲಿಸಿದ್ದಾನೆಯೇ?

ಸೋಲಿಸಿದ್ದಾನೆ, ಆದರೆ ಯಾವ ಪಂದ್ಯದಲ್ಲಿ ಎಂದು ಕೇಳಬೇಕು. 1936ರ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಅದೇ ಡಿಸೆಂಬರಿನಲ್ಲಿ ಹವಾನಾದಲ್ಲಿ ಕುದುರೆಯೊಂದನ್ನು ಹಿಂದಿಕ್ಕಿದರು. ಅವರಿಗೆ ಸುಮಾರು 40 ಗಜ ಮುಂದೆ ನಿಂತು ಓಡುವ ಅವಕಾಶ ಸಿಕ್ಕಿತ್ತು. ಹೊಟ್ಟೆಪಾಡಿಗಾಗಿ ನಡೆದ ಇಂಥ ಪ್ರದರ್ಶನಗಳನ್ನು ಹೋಲಿಕೆಯೆಂದು ತೆಗೆದುಕೊಳ್ಳಬಾರದು. ಪಂದ್ಯದ ಕುದುರೆ ಗಂಟೆಗೆ 70 ಕಿ.ಮೀ. ಮುಟ್ಟುತ್ತದೆ, ನೇರಾನೇರ ನಿಂತರೆ ಓಟ ಮೊದಲ ಕೆಲವು ಸೆಕೆಂಡಿನಲ್ಲೇ ಮುಗಿದ ಹಾಗೆ.

ದೂರ ಹೆಚ್ಚಿದಾಗ ಆಟ ಬದಲಾಗುತ್ತದೆ. ವೇಲ್ಸ್‌ನ ಲಾನ್ವರ್ಟಿಡ್ ವೆಲ್ಸ್ ಎಂಬ ಪುಟ್ಟ ಊರಿನಲ್ಲಿ 1980ರಿಂದ ಮನುಷ್ಯ ಮತ್ತು ಕುದುರೆ ಸವಾರರ ನಡುವೆ ಗುಡ್ಡಗಾಡಿನಲ್ಲಿ ಸುಮಾರು 35 ಕಿ.ಮೀ. ಪಂದ್ಯ ನಡೆಯುತ್ತಿದೆ. ಪಬ್ಬಿನಲ್ಲಿ ಹುಟ್ಟಿದ ವಾದವೊಂದು ಪಂದ್ಯವಾಗಿ ಬೆಳೆದದ್ದು. ಇಪ್ಪತ್ತನಾಲ್ಕು ಬಾರಿ ಕುದುರೆಗಳೇ ಗೆದ್ದವು. 2004ರಲ್ಲಿ ಹ್ಯೂ ಲಾಬ್ 2 ಗಂಟೆ 5 ನಿಮಿಷ 19 ಸೆಕೆಂಡಿನಲ್ಲಿ ಮುಗಿಸಿ, ವರ್ಷ ವರ್ಷ ಕೂಡುತ್ತ ಬಂದಿದ್ದ 25,000 ಪೌಂಡ್ ಬಹುಮಾನ ಪಡೆದರು. 2007, 2022, 2023ರಲ್ಲೂ ಮನುಷ್ಯರು ಗೆದ್ದರು. ಕಲ್ಲುಮಣ್ಣಿನ ಇಳಿಜಾರಿನಲ್ಲಿ ಸವಾರನನ್ನು ಹೊತ್ತ ಕುದುರೆ ಎಚ್ಚರಿಕೆಯಿಂದ ಇಳಿಯಬೇಕಾಗುತ್ತದೆ, ಅದೂ ನೆನಪಿರಲಿ. ಇಂಥ ಪಂದ್ಯಗಳ ಫಲಿತಾಂಶಗಳನ್ನು ಹವಾಮಾನದೊಂದಿಗೆ ತಾಳೆ ನೋಡಿದ, 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸೆಕೆಯ ದಿನ ಇಬ್ಬರೂ ನಿಧಾನವಾಗುತ್ತಾರೆ, ಕುದುರೆ ಹೆಚ್ಚು ನಿಧಾನವಾಗುತ್ತದೆ.

ಇನ್ನೊಂದು ಪ್ರಸಂಗ ನನಗೆ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ ಕುದುರೆಗಳಿಗೆಂದೇ 24 ಗಂಟೆಯೊಳಗೆ ಮುಗಿಸಬೇಕಾದ 160 ಕಿ.ಮೀ. ಸವಾರಿಯ ಪಂದ್ಯವಿದೆ, ಟೆವಿಸ್ ಕಪ್. 1974ರಲ್ಲಿ ಗಾರ್ಡಿ ಏನ್ಸ್‌ಲೀ ಎಂಬ ಸವಾರ ಕುದುರೆಯಿಲ್ಲದೆ ಅದೇ ದಾರಿಯನ್ನು ಓಡಿ 23 ಗಂಟೆ 42 ನಿಮಿಷದಲ್ಲಿ ತಲುಪಿದರು. ಇಂದು ಆ ದಾರಿಯಲ್ಲಿ ಮನುಷ್ಯರ ಓಟವೇ ಬೇರೆಯಾಗಿ ನಡೆಯುತ್ತದೆ. 2019ರಲ್ಲಿ ಜಿಮ್ ವಾಮ್ಸ್‌ಲಿ 14 ಗಂಟೆ 9 ನಿಮಿಷದಲ್ಲಿ ಮುಗಿಸಿದರು.

ಕುದುರೆಗೂ ಬೆವರು ಬರುತ್ತದೆ. ಆದರೂ ಸೆಕೆಯಲ್ಲಿ ನಮಗೇ ಏಕೆ ಅನುಕೂಲ?

ಬೆವರುವ ಓಟಗಾರರಲ್ಲಿ ಕುದುರೆ ನಮ್ಮ ಹತ್ತಿರದ ಸ್ಪರ್ಧಿ, ಅನುಮಾನವೇ ಇಲ್ಲ. ಓಡಿ ಬಂದ ಕುದುರೆಯ ಕತ್ತು, ತೊಡೆಸಂದಿಗಳಲ್ಲಿ ಬಿಳಿ ನೊರೆ ಕಾಣುತ್ತದಲ್ಲ, ಅದು ಅದರ ಬೆವರಿನಲ್ಲಿರುವ ಒಂದು ಪ್ರೋಟೀನಿನ ಕೆಲಸ. ನೀರು ಎಣ್ಣೆಗೂದಲನ್ನು ದಾಟಿ ಹೊರಗೆ ಹರಡಲು ಸೋಪಿನಂತೆ ಅದು ನೆರವಾಗುತ್ತದೆ. ಆದರೆ ಕುದುರೆಯ ಮೈ ದೊಡ್ಡದು. ಶಾಖ ಹುಟ್ಟಿಸುವ ಮಾಂಸಕ್ಕೆ ಹೋಲಿಸಿದರೆ ಶಾಖ ಬಿಡುವ ಚರ್ಮ ಕಡಿಮೆ.

ನಮ್ಮ ಲೆಕ್ಕ ನೋಡಿ. ಓಟಕ್ಕೆ ಒಂದು ಕಿಲೋ ತೂಕವನ್ನು ಒಂದು ಕಿಲೋಮೀಟರ್ ಒಯ್ಯಲು ಸುಮಾರು ಒಂದು ಕಿಲೋ ಕ್ಯಾಲೊರಿ ಖರ್ಚು. 60 ಕಿಲೋ ತೂಕದವರು ಗಂಟೆಗೆ 12 ಕಿ.ಮೀ. ಓಡಿದರೆ 720. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 540ರಷ್ಟು, ಬರೀ ಶಾಖ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಟುಹೋಗುತ್ತದೆ. ಮನುಷ್ಯ ಗಂಟೆಗೆ ಒಂದರಿಂದ ಎರಡು ಲೀಟರ್ ಬೆವರಬಲ್ಲ. ಲೆಕ್ಕ ಸರಿಹೋಯಿತು. ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಮಾತ್ರ ಪ್ರಯೋಜನವಿಲ್ಲ, ಆವಿಯಾಗಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ನಮ್ಮ ಹೆಚ್ಚುಗಾರಿಕೆಯೂ ಕರಗುವುದು ಇದಕ್ಕೇ.

ನಾಯಿಯ ಪಾಡು ಇನ್ನೂ ಕಷ್ಟ. ಅದು ತೇಕುವುದರಿಂದಲೇ ತಂಪಾಗಬೇಕು. ನಾಗಾಲೋಟದಲ್ಲಿ ನಾಲ್ಕು ಕಾಲಿನ ಪ್ರಾಣಿಗಳ ಉಸಿರು ನೆಗೆತಕ್ಕೆ ಕಟ್ಟುಬಿದ್ದಿರುತ್ತದೆ: ಒಂದು ನೆಗೆತಕ್ಕೆ ಒಂದು ಉಸಿರು. ಹಾಗಿರುವಾಗ ತೇಕಲು ಬಿಡುವೆಲ್ಲಿ? ಎರಡು ಕಾಲಿನ ನಮಗೆ ಆ ಕಟ್ಟು ಇಲ್ಲ. ಎರಡು ಹೆಜ್ಜೆಗೋ ಮೂರು ಹೆಜ್ಜೆಗೋ ಬೇಕಾದಂತೆ ಉಸಿರಾಡಬಹುದು.

ಮನುಷ್ಯ ಪ್ರಾಣಿಯನ್ನು ದಣಿಸಿ ಬೇಟೆಯಾಡುತ್ತಿದ್ದ ಎಂಬುದು ಕಟ್ಟುಕಥೆಯೇ?

ಕಟ್ಟುಕಥೆಯಲ್ಲ. ಆಫ್ರಿಕಾದ ಕಲಹಾರಿ ಮರುಭೂಮಿಯ ಸಾನ್ ಜನಾಂಗದ ಬೇಟೆಗಾರರ ಜೊತೆ ಓಡಿದ ಲೂಯಿಸ್ ಲೀಬೆನ್‌ಬರ್ಗ್ 2006ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ನಡುಹಗಲ ಸುಡುಬಿಸಿಲಿನಲ್ಲಿ ಕುಡು ಎಂಬ ದೊಡ್ಡ ಹುಲ್ಲೆಯನ್ನು ಎಬ್ಬಿಸುತ್ತಾರೆ. ಅದು ಓಡಿ ಕಣ್ಮರೆಯಾಗುತ್ತದೆ, ನೆರಳಲ್ಲಿ ನಿಂತು ತೇಕುತ್ತದೆ. ಹೆಜ್ಜೆ ಗುರುತು ಹಿಡಿದು ಬೇಟೆಗಾರ ಬರುತ್ತಾನೆ, ಮೈ ತಣಿಯುವ ಮೊದಲೇ ಮತ್ತೆ ಎಬ್ಬಿಸುತ್ತಾನೆ. ಎರಡರಿಂದ ಐದು ಗಂಟೆ, ಇಪ್ಪತ್ತೈದು ಮೂವತ್ತು ಕಿಲೋಮೀಟರ್. ಕೊನೆಗೆ ಪ್ರಾಣಿ ಓಡುವುದನ್ನು ಬಿಟ್ಟು ಸುಮ್ಮನೆ ನಿಂತುಬಿಡುತ್ತದೆ.

ನಮ್ಮ ದೇಹವೇ ಇಂಥ ಓಟಕ್ಕೆ ರೂಪುಗೊಂಡಿದೆ ಎಂದು ಸಂಶೋಧಕರಾದ ಡೆನಿಸ್ ಬ್ರ್ಯಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ 2004ರಲ್ಲಿ ವಾದಿಸಿದರು. ಉದ್ದನೆಯ ಹಿಮ್ಮಡಿ ರಜ್ಜು, ಅಂಗಾಲಿನ ಕಮಾನು, ಗಿಡ್ಡ ಕಾಲ್ಬೆರಳು, ಓಡುವಾಗ ತಲೆ ತೊನೆಯದಂತೆ ಹಿಡಿಯುವ ಕತ್ತಿನ ಹಿಂದಿನ ಪಟ್ಟಿ, ದೊಡ್ಡ ಪೃಷ್ಠ ಸ್ನಾಯು ಇವೆಲ್ಲ ಅವರ ಸಾಕ್ಷಿಗಳು. ಒಪ್ಪದವರೂ ಇದ್ದಾರೆ: ಹೆಜ್ಜೆ ಗುರುತು ಉಳಿಯದ ನೆಲದಲ್ಲಿ, ಕಾಡಿನಲ್ಲಿ ಇದು ನಡೆಯುವುದಿಲ್ಲ, ಖರ್ಚಾಗುವ ಶಕ್ತಿಯೂ ಹೆಚ್ಚು ಎಂಬುದು ಅವರ ಆಕ್ಷೇಪ. 2024ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹಳೆಯ ಬರಹಗಳನ್ನು ಜಾಲಾಡಿ ಜಗತ್ತಿನ ನಾನಾ ಕಡೆಯ ಇಂಥ ಸುಮಾರು 400 ಬೇಟೆಯ ವರದಿಗಳನ್ನು ಕಲೆಹಾಕಿತು. ನನಗನ್ನಿಸುವುದು, ಬೇಟೆಯ ಹಲವು ಉಪಾಯಗಳಲ್ಲಿ ಇದೂ ಒಂದಾಗಿತ್ತು. ಮನುಷ್ಯನಾದದ್ದೇ ಓಟದಿಂದ ಎನ್ನುವುದು ಓಟಗಾರರು ತಮ್ಮ ಬೆನ್ನು ತಾವೇ ತಟ್ಟಿಕೊಂಡ ಹಾಗೆ.

ಹಾಗಾದರೆ ತಾಳಿಕೆಯಲ್ಲಿ ನಾವೇ ಮೊದಲೇ?

ಚಳಿಯಲ್ಲಿ ಈ ಮಾತು ಹೇಳಬೇಡಿ. ಅಲಾಸ್ಕಾದ ಇಡಿಟರಾಡ್ ಪಂದ್ಯದಲ್ಲಿ ಜಾರುಬಂಡಿ ನಾಯಿಗಳು ಸುಮಾರು 1,600 ಕಿ.ಮೀ. ದೂರವನ್ನು ಹಿಮದ ಮೇಲೆ ಕ್ರಮಿಸುತ್ತವೆ. 2017ರಲ್ಲಿ ಮಿಚ್ ಸೀವಿಯ ತಂಡ ಅದನ್ನು 8 ದಿನ 3 ಗಂಟೆ 40 ನಿಮಿಷದಲ್ಲಿ ಮುಗಿಸಿತು. ವಿಶ್ರಾಂತಿಯನ್ನೂ ಸೇರಿಸಿ ದಿನಕ್ಕೆ ಹತ್ತಿರಹತ್ತಿರ 200 ಕಿ.ಮೀ., ಅದೂ ಬಂಡಿ ಎಳೆದುಕೊಂಡು. ಇಪ್ಪತ್ತು ಇಪ್ಪತ್ತೈದು ಕಿಲೋ ತೂಗುವ ಈ ನಾಯಿಗಳಿಗೆ ದಿನಕ್ಕೆ ಹತ್ತು ಸಾವಿರ ಕಿಲೋ ಕ್ಯಾಲೊರಿಯ ಊಟ ಬೇಕು.

ಮನುಷ್ಯರಲ್ಲಿ 2023ರಲ್ಲಿ ಷಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದರು, ಸರಾಸರಿ ಗಂಟೆಗೆ 21 ಕಿ.ಮೀ. 2022ರಲ್ಲಿ ಅಲೆಕ್ಸಾಂಡರ್ ಸೊರೊಕಿನ್ 24 ಗಂಟೆಯಲ್ಲಿ 319 ಕಿ.ಮೀ.ಗೂ ಹೆಚ್ಚು ಓಡಿದರು. ಒಂದು ದಿನದ ಮಟ್ಟಿಗೆ ಅದು ಜಾರುಬಂಡಿ ನಾಯಿಯ ದಿನದ ಸರಾಸರಿಗಿಂತ ಹೆಚ್ಚು. ನಾಯಿ ಮರುದಿನವೂ ಅದರ ಮರುದಿನವೂ ಎದ್ದು ಅಷ್ಟೇ ಓಡುತ್ತದೆ ಎಂಬುದನ್ನು ಮರೆಯಬಾರದು.

ಅಂದಹಾಗೆ ಆಫ್ರಿಕಾದ ಕಾಡುನಾಯಿಗಳ ತಾಳಿಕೆಯ ಬಗ್ಗೆ ಇದ್ದ ಕೀರ್ತಿಯೂ ಸ್ವಲ್ಪ ಮಾಸಿದೆ. ಬೋಟ್ಸ್‌ವಾನಾದ ಪೊದೆಗಾಡಿನಲ್ಲಿ ಅವುಗಳಿಗೂ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದಾಗ ಹೆಚ್ಚಿನವು ಚಿಕ್ಕ ಚಿಕ್ಕ ಓಟಗಳೇ ಆಗಿದ್ದವು.

ಕಾಂಗರೂ ನೆಗೆಯುವುದು ಓಟಕ್ಕಿಂತ ಲಾಭವೇ?

ವಿಚಿತ್ರ ಲಾಭ. 1973ರ ಪ್ರಯೋಗವೊಂದರಲ್ಲಿ ಕೆಂಪು ಕಾಂಗರೂ ಟ್ರೆಡ್‌ಮಿಲ್ ಮೇಲೆ ವೇಗ ಹೆಚ್ಚಿಸಿದರೂ ಅದರ ಆಮ್ಲಜನಕದ ಬಳಕೆ ಹೆಚ್ಚಲಿಲ್ಲ. ನೆಲಕ್ಕೆ ಇಳಿದಾಗ ಹಿಗ್ಗಿದ ಸ್ನಾಯುರಜ್ಜು ಮುಂದಿನ ನೆಗೆತಕ್ಕೆ ಶಕ್ತಿಯನ್ನು ಮರಳಿಸುತ್ತದೆ. ನಿಧಾನವಾಗಿ ಹೋಗುವಾಗ ಮಾತ್ರ ಅದು ಬಾಲವನ್ನೂ ಊರಿಕೊಂಡು ತೆವಳುವಂತೆ ಸಾಗಬೇಕು, ಆಗ ಖರ್ಚು ಜಾಸ್ತಿ.

ಮೈಯುದ್ದದ ಲೆಕ್ಕದಲ್ಲಿ ಯಾರು ಮುಂದೆ?

ಎಳ್ಳುಕಾಳಿನಷ್ಟು ದೊಡ್ಡದಾದ ಒಂದು ನುಸಿ. ಕ್ಯಾಲಿಫೋರ್ನಿಯಾದ ಈ ಜೀವಿ ಸೆಕೆಂಡಿಗೆ ತನ್ನ ಮೈಯುದ್ದದ 322 ಪಟ್ಟು ದೂರ ಓಡುತ್ತದೆ ಎಂದು 2014ರಲ್ಲಿ ವರದಿಯಾಯಿತು. ಚೀತಾದ್ದು 16 ಪಟ್ಟು, ಬೋಲ್ಟ್ ಅವರದ್ದು ಆರು ಚಿಲ್ಲರೆ. ಆದರೂ ನುಸಿಯ ನಿಜವಾದ ವೇಗ ಗಂಟೆಗೆ ಒಂದು ಕಿಲೋಮೀಟರಿಗಿಂತ ಕಡಿಮೆ. ಇಂಥ ಹೋಲಿಕೆ ಮೋಜಿಗೆ ಸರಿ. ಸಣ್ಣ ಮೈಗೆ ಇದರಲ್ಲಿ ಯಾವಾಗಲೂ ಅನುಕೂಲ.

ನನ್ನ ನಾಯಿಯನ್ನು ಜೊತೆಗೆ ಓಡಲು ಕರೆದೊಯ್ಯಬಹುದೇ?

ಖಂಡಿತ, ಹೊತ್ತು ನೋಡಿಕೊಂಡು. ಬೇಸಿಗೆಯ ಒಂದು ಬೆಳಗ್ಗೆ ತಡವಾಗಿ ಎದ್ದು, ಬಿಸಿಲೇರಿದ ಮೇಲೆ ನನ್ನ ನಾಯಿಯೊಂದಿಗೆ ಐದು ಕಿಲೋಮೀಟರಿಗೆ ಹೊರಟಿದ್ದೆ. ಮೊದಲ ಮುನ್ನೂರು ಮೀಟರ್ ಅದೇ ನನ್ನನ್ನು ಎಳೆದುಕೊಂಡು ಹೋಯಿತು. ಎರಡನೆಯ ಕಿಲೋಮೀಟರಿಗೆ ಪಕ್ಕಕ್ಕೆ ಬಂತು. ಮೂರನೆಯದರಲ್ಲಿ ಹಗ್ಗ ಹಿಂದಕ್ಕೆ ಬಿಗಿಯಿತು. ತಿರುಗಿ ನೋಡಿದರೆ ನಾಲಿಗೆ ಸೌಟಿನಂತೆ ಅಗಲವಾಗಿ ಪಕ್ಕಕ್ಕೆ ಜೋತಿತ್ತು. ಒದ್ದೆ ಮಣ್ಣು ಕಂಡದ್ದೇ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ನಾಲ್ಕು ಕಾಲನ್ನೂ ಚಾಚಿ ಮಲಗಿಬಿಟ್ಟಿತು. ತಪ್ಪು ನನ್ನದು. ನಾನು ಬೆವರುತ್ತ ಆರಾಮಾಗಿದ್ದೆ, ಅದಕ್ಕೆ ಆ ಸೌಕರ್ಯವಿರಲಿಲ್ಲ.

ಅಂದಿನಿಂದ ಸೂರ್ಯ ಹುಟ್ಟುವ ಮೊದಲೇ ಹೊರಡುತ್ತೇವೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿದು ಏಳೆಣಿಸುವಷ್ಟರಲ್ಲಿ ಸುಟ್ಟಂತಾದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ, ಅಂದು ಓಟವಿಲ್ಲ. ಮೂತಿ ಚಪ್ಪಟೆಯಾದ ಪಗ್, ಬುಲ್‌ಡಾಗ್ ತಳಿಗಳನ್ನು ದೂರದ ಓಟಕ್ಕೆ ಒಯ್ಯಲೇಬೇಡಿ, ಅವುಗಳಿಗೆ ತೇಕುವುದೇ ಕಷ್ಟ. ಉಳಿದ ನಾಯಿಗಳ ವಿಷಯದಲ್ಲಿ ಹಗ್ಗದ ಮೇಲೆ ಗಮನವಿಡಿ: ಅದು ಮುಂದಕ್ಕೆ ಬಿಗಿಯುವುದು ನಿಂತು ಸಡಿಲವಾದ ಕೂಡಲೇ ನಡಿಗೆಗೆ ಇಳಿಯಿರಿ, ಹಿಂದಕ್ಕೆ ಬಿಗಿಯುವವರೆಗೆ ಕಾಯಬೇಡಿ.